ಅಲ್ಪ ಬೆಲೆಯ ಕಾರೂ ಅನಲ್ಪ ಮರ್ಯಾದೆಯೂ

ಮೈಸೂರಿನಿಂದ ಹೊರಟ ರೈಲುಮಾರ್ಗವು ಚಾಮರಾಜನಗರದಲ್ಲಿಯೇ ನಿಂತುಬಿಡುವುದರಿಂದ, ಮೈಸೂರು, ಊಟಿ, ಸುಲ್ತಾನ್ ಬತ್ತೇರಿಗಳ ಹಾದಿಗಳು ಕೂಡುವ ಗುಂಡ್ಲುಪೇಟೆಗೆ ರಸ್ತೆಯೊಂದೇ ಗತಿ. ಅಲ್ಲಿಂದ ಊಟಿ, ಬತ್ತೇರಿಗಳತ್ತ ಸಾಗುವ ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರವೂ ನಿಷಿದ್ಧ. ಚೆಂಡುಹೂವನ್ನೋ ಅರಿಸಿನವನ್ನೋ ಬೆಳೆದು ಬದುಕುವ ಗೃಹಸ್ಥನು, ವೃದ್ಧ ಮಾತಾಪಿತರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ, ಬೈಕಿಗೆ ಮೀರಿದ ಆದರೆ ಸಾಲಕ್ಕೆ ಸಿಲುಕಿಸದ ವಾಹನವೊಂದನ್ನು ಬಯಸಿದರೆ ಅದನ್ನು ವಿಲಾಸವೆನ್ನಲಾಗದು.

ಆ ಬಯಕೆಗೆ ಮೊದಲು ಓಗೊಟ್ಟದ್ದು 1983ರ ಡಿಸೆಂಬರಿನಲ್ಲಿ ಬಂದ, 796 ಸಿ.ಸಿ. ಎಂಜಿನ್ನಿನ ಮಾರುತಿ 800. ಮಿತವ್ಯಯಿಯಾದರೂ ಅದು ಅಗ್ಗವೆನಿಸಿಕೊಳ್ಳಲಿಲ್ಲ. ಮೊದಲ ಒಡೆಯನ ಮನೆಗೆ ಗೌರವ ತಂದು, ಎರಡನೆಯ, ಮೂರನೆಯ ಕೈಗೆ ದಾಟಿದ ಮೇಲೂ, ಬಿಡಿಭಾಗಗಳು ಸುಲಭವಾಗಿ ದೊರೆಯುತ್ತಿದ್ದುದರಿಂದ, ಚಿಕ್ಕ ಊರಿನ ಮೆಕ್ಯಾನಿಕ್ಕಿನ ಕೈಯಲ್ಲೇ ಬಾಳಿತು.

2008ರ ಜನವರಿಯಲ್ಲಿ ಅನಾವರಣಗೊಂಡ ಟಾಟಾ ನ್ಯಾನೋ ಇನ್ನೂ ಉದಾತ್ತವಾದ ಸಂಕಲ್ಪ. ಸ್ಕೂಟರಿನ ಮೇಲೆ ಇಡೀ ಸಂಸಾರ ಸಾಗುವುದನ್ನು ಕಂಡು ಮರುಗಿದ ರತನ್ ಟಾಟಾ ಅವರು, ಹಿಂಬದಿಯಲ್ಲಿ 624 ಸಿ.ಸಿ. ಎಂಜಿನ್ ಇರಿಸಿ, ಒಂದು ಲಕ್ಷ ರೂಪಾಯಿಯ ಕಾರನ್ನು ಸಾಧಿಸಿ ತೋರಿಸಿದರು. ಆದರೆ 'ಅತ್ಯಗ್ಗದ ಕಾರು' ಎಂಬ ಬಿರುದೇ ಅದಕ್ಕೆ ಶಾಪವಾಯಿತು. ಬಡತನದ ಗುರುತನ್ನು ಅಂಗಳದಲ್ಲಿ ನಿಲ್ಲಿಸಿಕೊಳ್ಳಲು ಬಹುಪಾಲು ಗೃಹಸ್ಥರು ಒಪ್ಪಲಿಲ್ಲ. 2018ರ ಜೂನ್ ತಿಂಗಳಲ್ಲಿ ತಯಾರಾದುದು ಒಂದೇ ಒಂದು ನ್ಯಾನೋ.

ನಮ್ಮ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯು ಭಾರತೀಯ ಗ್ರಾಹಕನನ್ನೇ ಉದ್ದೇಶಿಸಿ, 2010ರ ಡಿಸೆಂಬರಿನಲ್ಲಿ ಹೊರತಂದ ಎಟಿಯೋಸ್ ಕಾರಿನ ಆರಂಭಿಕ ಬೆಲೆ ಐದು ಲಕ್ಷಕ್ಕೆ ತುಸು ಕಡಿಮೆ. ಮರುವರ್ಷ ಬಂದ ಅದರ ಚಿಕ್ಕ ರೂಪವಾದ ಲೀವಾ ನಾಲ್ಕು ಲಕ್ಷದ ಆಸುಪಾಸಿನದು. ಎಟಿಯೋಸಿಗೆ ದೃಢವಾದ ಯಂತ್ರ, 595 ಲೀಟರಿನ ವಿಶಾಲವಾದ ಡಿಕ್ಕಿ ಇದ್ದರೂ ಒಳಾಂಗಣದ ಸರಳತೆ ಮನೆಯವರಿಗೆ ರುಚಿಸಲಿಲ್ಲ; ಟ್ಯಾಕ್ಸಿ ಚಾಲಕರಿಗೆ ಮಾತ್ರ ಅದು ಅಚ್ಚುಮೆಚ್ಚಾಗಿ, 2020ರಲ್ಲಿ ತಯಾರಿಕೆ ನಿಂತಿತು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಸಾಮಾನ್ಯನ ಲೆಕ್ಕಾಚಾರದಲ್ಲಿ ಖರೀದಿಯ ಮೊತ್ತವೊಂದೇ ಅಂಕಿಯಲ್ಲವೆಂಬುದು ಸ್ಪಷ್ಟವಾಗುತ್ತದೆ: ಪೆಟ್ರೋಲು, ದುರಸ್ತಿ, ಮರುಮಾರಾಟದ ಬೆಲೆ, ನೆಂಟರಿಷ್ಟರ ಕಣ್ಣು ಇವೂ ಅದರೊಳಗಿವೆ. ಆದುದರಿಂದ ಕಾರಿನ ಬೆಲೆಯನ್ನು ತಗ್ಗಿಸ ಹೊರಟ ಶಿಲ್ಪಿಯು ಕೊಳ್ಳುವವನ ಮಾನವನ್ನು ತಗ್ಗಿಸಬಾರದು. ಆ ವಿವೇಕವಿಲ್ಲದ ಅಗ್ಗವು ಗುಂಡ್ಲುಪೇಟೆಯಲ್ಲಿಯೂ ದುಬಾರಿಯೇ.