ದಾದರದಲ್ಲಿ ಗಾಡಿ ಬದಲಾವಣೆ

ಮುಂಬಯಿಯ ದಾದರದಲ್ಲಿ ಒಂದು ಮಾರ್ಗದ ಗಾಡಿಯಿಂದಿಳಿದು ಇನ್ನೊಂದು ಮಾರ್ಗದ ಗಾಡಿಯನ್ನು ಹಿಡಿಯಬೇಕಾದರೆ ನಾವು ಮೆಟ್ಟಿಲು ಹತ್ತಿ, ಜನದಟ್ಟಣೆಯ ಸೇತುವೆ ದಾಟಿ, ಮತ್ತೆ ಮೆಟ್ಟಿಲಿಳಿಯಬೇಕು. ನಿಲ್ದಾಣದ ಹೆಸರು ಒಂದೇ ಆಗಿರುವಾಗ ಈ ಸುತ್ತಾಟವೇಕೆಂಬ ಸಂದೇಹವು ಸಹಜವಾದುದು.

ದಾದರವೆಂಬುದು ಮಗ್ಗುಲು ಮಗ್ಗುಲಾಗಿರುವ ಎರಡು ನಿಲ್ದಾಣಗಳ ಹೆಸರು. ಪೂರ್ವದ ಹಳಿಗಳನ್ನು ಜಿ. ಐ. ಪಿ. ಕಂಪೆನಿಯೂ, ಪಶ್ಚಿಮದ ಹಳಿಗಳನ್ನು ಬಿ. ಬಿ. ಎಂಡ್ ಸಿ. ಐ. ಕಂಪೆನಿಯೂ ಹಾಕಿದ್ದವು. 1951ರಲ್ಲಿ ಅವು ಕ್ರಮವಾಗಿ ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆಗಳಲ್ಲಿ ಸೇರಿದವು. ಹಳಿಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು. ಎರಡೂ ಕಡೆ ಒಂದನೆಯ ಪ್ಲಾಟ್‌ಫಾರಂ ಇದ್ದುದರಿಂದ ಹೊಸಬರು ತಬ್ಬಿಬ್ಬಾಗುತ್ತಿದ್ದರು. 2023ರ ಡಿಸೆಂಬರ್ 9ರಿಂದ ಪಶ್ಚಿಮದವಕ್ಕೆ 1ರಿಂದ 7, ಮಧ್ಯದವಕ್ಕೆ 8ರಿಂದ 14 ಎಂದು ಅಂಕೆಗಳನ್ನು ಕೊಡಲಾಯಿತು. ಗೊಂದಲ ತಗ್ಗಿತಾದರೂ ಮೆಟ್ಟಿಲುಗಳ ಶ್ರಮ ತಪ್ಪಲಿಲ್ಲ.

ಹಲವು ಗಾಡಿಗಳ ಜನರು ಏಕಕಾಲದಲ್ಲಿ ಇಕ್ಕಟ್ಟಾದ ಸೇತುವೆಗೆ ನುಗ್ಗಿದರೆ ಶ್ರಮವು ಅಪಾಯವಾಗುತ್ತದೆ. ದಾದರದ ಸಮೀಪದಲ್ಲಿಯೇ, ಈಗ ಪ್ರಭಾದೇವಿಯೆನಿಸಿದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯಲ್ಲಿ, 2017ರ ಸೆಪ್ಟೆಂಬರ್ 29ರಂದು ಮಳೆಯ ಹೊತ್ತಿನಲ್ಲಿ ಕಾಲ್ತುಳಿತವುಂಟಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು.

ವಿದ್ಯಾರ್ಥಿಗಳೇ, ತಪ್ಪಿದ ಗಾಡಿಯ ಹಿಂದೆಯೇ ಇನ್ನೊಂದು ಬರುತ್ತದೆ. ಆದ್ದರಿಂದ ಸೇತುವೆಯ ಮೇಲೆ ಯಾರನ್ನೂ ನೂಕದಿರೋಣ, ನಡುದಾರಿಯಲ್ಲಿ ನಿಲ್ಲದಿರೋಣ. ಎಷ್ಟೇ ಅವಸರವಿದ್ದರೂ ಹಳಿ ದಾಟುವ ಅಡ್ಡದಾರಿಯನ್ನು ಹಿಡಿಯದಿರೋಣ. ಶಾಲೆಗೆ ಹತ್ತು ನಿಮಿಷ ತಡವಾಗಿ ಬಂದವರನ್ನು ನಾವು ಒಳಗೆ ಕರೆದುಕೊಳ್ಳಬಲ್ಲೆವು.