ಕಾರ್ಪೆಟ್ಟಿನ ಕೆಳಗಿನ ಬ್ರೇಕು

ಮಾರಿಸ್ ಮೈನರ್ ಕಾರಿನ ಬ್ರೇಕ್ ಆಯಿಲ್ ನೋಡಬೇಕೆಂದು ಬಾನೆಟ್ ಎತ್ತಿದರೆ ಏನೂ ಸಿಗುವುದಿಲ್ಲ. ಡ್ರೈವರ್ ಕಾಲಿಡುವ ಜಾಗದ ಕಾರ್ಪೆಟ್ಟನ್ನು ಸರಿಸಬೇಕು. ಅದರಡಿ, ನೆಲದ ತಗಡಿನಲ್ಲಿ ಒಂದು ಪುಟ್ಟ ಮುಚ್ಚಳ. ಅದನ್ನು ತೆಗೆದರೆ ಮಾಸ್ಟರ್ ಸಿಲಿಂಡರಿನ ಬಿರಡೆ. ಸುತ್ತ ವರ್ಷಗಟ್ಟಲೆ ಕೂತ ಮಣ್ಣನ್ನು ಬ್ರಷ್ಷಿನಿಂದ ಗುಡಿಸದೆ ಬಿರಡೆ ತಿರುಗಿಸಿದರೆ ಒಂದು ಚಿಟಿಕೆಯಾದರೂ ಒಳಗೆ ಬೀಳುವುದು ಖಂಡಿತ. ಎಷ್ಟೋ ಸಲ ಬ್ರೇಕ್ ಕೆಡಲು ಅಷ್ಟೇ ಸಾಕು.

ಅಲೆಕ್ ಇಸ್ಸಿಗೋನಿಸ್ ವಿನ್ಯಾಸಗೊಳಿಸಿದ ಈ ಬ್ರಿಟಿಷ್ ಕಾರು ಹೊರಬಂದದ್ದು 1948ರಲ್ಲಿ. 1971ರವರೆಗೆ ಸುಮಾರು 16 ಲಕ್ಷ ಕಾರುಗಳು ತಯಾರಾದವು. ನಮ್ಮಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು ‘ಬೇಬಿ ಹಿಂದುಸ್ತಾನ್’ ಹೆಸರಿನಲ್ಲಿ ಮಾರಿತು. ಆಮೇಲೆ ಬಂದ ಅಂಬಾಸಿಡರ್ ಕೂಡ ಮಾರಿಸ್ ಮನೆತನದ್ದೇ. ಹಾಗಾಗಿ ಮೈನರ್‌ನ ಬ್ರೇಕ್ ಬಿಚ್ಚಿ ನೋಡಿದವರಿಗೆ ನಮ್ಮೂರ ಶೆಡ್ಡುಗಳಲ್ಲಿ ನಿಂತಿರುವ ಹಳೆಯ ಕಾರುಗಳ ಕಷ್ಟವೂ ಅರ್ಥವಾಗುತ್ತದೆ.

ಕೆಲಸ ಮಾಡುವ ಬಗೆ ಸರಳ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲ್ ಎಂಬ ದ್ರವವನ್ನು ತಳ್ಳುತ್ತದೆ. ಆ ಒತ್ತಡ ಪೈಪುಗಳ ಮೂಲಕ ಪ್ರತಿ ಚಕ್ರದ ವೀಲ್ ಸಿಲಿಂಡರಿಗೆ ಹೋಗಿ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಶೂ ಮೇಲಿನ ಲೈನರ್ ಡ್ರಮ್ಮಿಗೆ ಉಜ್ಜಿ ಕಾರು ನಿಲ್ಲುತ್ತದೆ. ಇಂದಿನ ಕಾರುಗಳಲ್ಲಿ ಈ ದ್ರವಕ್ಕೆ ಎರಡು ಪ್ರತ್ಯೇಕ ದಾರಿಗಳಿವೆ. ಮೈನರ್‌ನಲ್ಲಿ ಇರುವುದು ಒಂದೇ. ಎಲ್ಲಾದರೂ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ.

ಇಂಥ ಕಾರಿಗೆ ಓಡಾಟಕ್ಕಿಂತ ಸುಮ್ಮನೆ ನಿಲ್ಲುವುದೇ ಹೆಚ್ಚು ಹಾನಿ. ಸಾಮಾನ್ಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ದ್ರವ ಕುದಿದು ಆವಿಯಾದರೆ ಪೆಡಲ್ ನೇರ ನೆಲ ಮುಟ್ಟುತ್ತದೆ. ಅದೇ ನೀರು ಬೀಡುಕಬ್ಬಿಣದ ಸಿಲಿಂಡರನ್ನು ಒಳಗಿಂದ ತಿನ್ನುತ್ತದೆ. ಪಿಸ್ಟನ್ ಬಳಿ ದ್ರವ ಸೋರದಂತೆ ತಡೆಯುವ ರಬ್ಬರ್ ಕಪ್ ವರ್ಷಗಟ್ಟಲೆ ಒಂದೇ ಕಡೆ ಕೂತ ಜಾಗದಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ.

ಬಿಚ್ಚಿದ ಸಿಲಿಂಡರನ್ನು ಬೆಳಕಿಗೆ ಹಿಡಿದು, ಒಳಗೆ ಉಗುರು ಆಡಿಸಿ ನೋಡುವುದು ಮೊದಲ ಪರೀಕ್ಷೆ. ಬರೀ ಕಲೆಯಾಗಿದ್ದರೆ ಹೋನಿಂಗ್ ಮಾಡಿ (ಸಾಣೆ ಹಿಡಿದು) ನುಣುಪಾಗಿಸಬಹುದು. ಉಗುರು ಸಿಕ್ಕಿಕೊಂಡರೆ ಅದು ಗುಳಿ. ಅದನ್ನು ಉಜ್ಜಿ ತೆಗೆಯಲು ಹೋದರೆ ಸಿಲಿಂಡರಿನ ಅಳತೆಯೇ ದೊಡ್ಡದಾಗಿ ಕಪ್ ಸಡಿಲವಾಗುತ್ತದೆ. ಆಗ ಲೇತ್‌ನಲ್ಲಿ ಕೊರೆಸಿ, ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಸ್ಲೀವ್ (ಒಳಕೊಳವೆ) ಕೂರಿಸಿ ಮೂಲ ಅಳತೆಗೆ ತರುತ್ತಾರೆ. ಹೊಸ ಭಾಗ ಸಿಗದ ಕಾರುಗಳಿಗೆ ಇದೇ ದಾರಿ. ಸ್ಲೀವ್ ಹಾಕಿದ ಸಿಲಿಂಡರಿನ ಒಳಮೈ ಮೊದಲಿನಷ್ಟು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ.

ಲೋಹವನ್ನು ಹೀಗೆ ಉಳಿಸಿಕೊಳ್ಳಬಹುದು; ರಬ್ಬರನ್ನು ಉಳಿಸಿಕೊಳ್ಳಲೇಬಾರದು. ನೋಡಲು ಚೆನ್ನಾಗಿದ್ದರೂ ಹಳೆಯ ಕಪ್, ಹಳೆಯ ಹೋಸ್ (ಬಾಗುವ ರಬ್ಬರ್ ಪೈಪು) ಎರಡನ್ನೂ ಎಸೆಯಬೇಕು. ಹೋಸ್ ಒಳಗೇ ಊದಿಕೊಂಡಿದ್ದರೆ ಹೊರಗೆ ಗುರುತೇ ಇರುವುದಿಲ್ಲ: ಪೆಡಲ್ ತುಳಿದಾಗ ದ್ರವ ಹೋಗುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ, ಆ ಹೋಸ್ ತಲುಪುವ ಚಕ್ರ ಹಿಡಿದುಕೊಂಡೇ ಇರುತ್ತದೆ. ಹೊಸ ಕಪ್ಪಿಗೆ ಇಂಜಿನ್ ಆಯಿಲ್, ಪೆಟ್ರೋಲ್, ಮಾಮೂಲಿ ಗ್ರೀಸ್ ಯಾವುದೂ ತಾಗಬಾರದು. ರಬ್ಬರ್ ಉಬ್ಬಿ ಹಾಳಾಗುತ್ತದೆ. ಜೋಡಿಸುವಾಗ ಹೊಸ ಬ್ರೇಕ್ ದ್ರವವನ್ನೇ ಸವರಬೇಕು.

ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಯ ಮೊನೆಯಷ್ಟು ಸಣ್ಣದೊಂದು ರಂಧ್ರವಿದೆ. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಸರಿದು ಇದು ತೆರೆದುಕೊಳ್ಳಬೇಕು, ಬಿಸಿಯಾಗಿ ಹಿಗ್ಗಿದ ದ್ರವ ಇದರ ಮೂಲಕ ಟ್ಯಾಂಕಿಗೆ ಮರಳಬೇಕು. ಬಿರಡೆಯಿಂದ ಬಿದ್ದ ಮಣ್ಣು ಕಟ್ಟಿಕೊಂಡರೆ, ಅಥವಾ ಪೆಡಲ್‌ಗೆ ಸ್ವಲ್ಪ ಆಟ ಬಿಡದೆ ಪಿಸ್ಟನ್ ತಳ್ಳುವ ರಾಡ್ ಬಿಗಿ ಮಾಡಿದ್ದರೆ ರಂಧ್ರ ಮುಚ್ಚಿಯೇ ಇರುತ್ತದೆ. ಆಗ ಒತ್ತಡ ಒಳಗೇ ಉಳಿದು ಶೂಗಳು ಉಜ್ಜುತ್ತವೆ. ಬಿಸಿ ಏರಿದಷ್ಟೂ ಹಿಡಿತ ಬಿಗಿಯಾಗಿ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಅರ್ಧ ಗಂಟೆ ತಣ್ಣಗಾದರೆ ತಾನಾಗಿ ಬಿಡುತ್ತದೆ. ಕಾರಣ ಗೊತ್ತಿಲ್ಲದವರು ಲೈನರ್ ಮೇಲೆ ಲೈನರ್ ಬದಲಿಸುತ್ತಾರೆ.

ಡ್ರಮ್ ಬಿಚ್ಚುವಾಗ ಇನ್ನೊಂದು ಎಚ್ಚರ ಬೇಕು. ಆ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇತ್ತು, ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಗ್ಯಾರೇಜಿನ ಹುಡುಗರು ಏರ್ ಪೈಪ್ ಹಿಡಿದು ಧೂಳು ಊದುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಬೇಕು.

ಎಲ್ಲ ಜೋಡಿಸಿದ ಮೇಲೆ ಪೈಪುಗಳಲ್ಲಿ ಸೇರಿದ ಗಾಳಿ (ಏರ್) ತೆಗೆಯುವುದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲ್ ತುಳಿಯಲು, ಇನ್ನೊಬ್ಬರು ಚಕ್ರದ ಬಳಿ ಟ್ಯೂಬ್ ಸಿಕ್ಕಿಸಿದ ನಿಪ್ಪಲ್ ಸಡಿಲಿಸಿ ಬಿಗಿಯಲು. ಟ್ಯೂಬಿನಲ್ಲಿ ಗುಳ್ಳೆ ಬರುವುದು ಪೂರ್ತಿ ನಿಂತಾಗ ಪೆಡಲ್ ಗಟ್ಟಿಯಾಗುತ್ತದೆ. ಆಮೇಲೆ ಒಂದು ನಿಮಿಷ ಬಲವಾಗಿ ತುಳಿದು ಹಿಡಿಯಬೇಕು. ಪೆಡಲ್ ನಿಧಾನಕ್ಕೆ ಕುಸಿದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ಕಪ್ ದ್ರವವನ್ನು ಹಿಂದಕ್ಕೆ ಬಿಡುತ್ತಿದೆ ಎಂದರ್ಥ.

ನಿಮ್ಮ ಮನೆಯಲ್ಲೂ ಅಪ್ಪನ ಕಾಲದ ಅಂಬಾಸಿಡರೋ ಪದ್ಮಿನಿಯೋ ವರ್ಷಗಳಿಂದ ನಿಂತಿದ್ದರೆ, ಇಂಜಿನ್ ಸ್ಟಾರ್ಟ್ ಆಯಿತೆಂಬ ಖುಷಿಯಲ್ಲಿ ಅದನ್ನು ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಬೇಡಿ. ಟೋಯಿಂಗ್ ಗಾಡಿ ತರಿಸಿ, ಇಲ್ಲವೇ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಮೊದಲ ಖರ್ಚು ಬ್ರೇಕಿಗಿರಲಿ, ಬಣ್ಣ ಆಮೇಲೆ ಮಾಡಿಸಿದರಾಯಿತು.