ಬಸುರಿ, ಬಾಣಂತಿ, ಕೂಸಿನ ಆರೈಕೆ: ಮನೆಮದ್ದು ಎಲ್ಲಿಯವರೆಗೆ?



ಮಲವಗೊಪ್ಪದಲ್ಲಿ ನನ್ನದು ದಿನಸಿ ವ್ಯಾಪಾರ. ‘ಬಾಣಂತಿ ಸಾಮಾನು ಕಟ್ಟಿಕೊಡಿ’ ಎಂದು ಚೀಟಿ ಹಿಡಿದು ಬರುವವರು ಇಂದಿಗೂ ಇದ್ದಾರೆ. ಓಮ, ಜೀರಿಗೆ, ಮೆಂತ್ಯ, ಒಣಶುಂಠಿ, ಉತ್ತುತ್ತೆ, ಕೊಬ್ಬರಿ, ಅಂಟು, ಕೊನೆಯಲ್ಲಿ ಕೂಸಿಗೆಂದು ಬಜೆ. ಮೂವತ್ತು ವರ್ಷ ಇದನ್ನೆಲ್ಲ ಕಟ್ಟಿಕೊಟ್ಟಿದ್ದೇನೆ. ಯಾವುದರಿಂದ ಒಳ್ಳೆಯದು, ಯಾವುದರಿಂದ ಕೆಟ್ಟದ್ದು ಎಂದು ಕೇಳಿ ತಿಳಿದುಕೊಂಡದ್ದು ಮಾತ್ರ ನಮ್ಮ ಮನೆಗೇ ಪೆಟ್ಟು ಬಿದ್ದ ಮೇಲೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸೊಸೆಗೆ ಆಗ ಆರು ತಿಂಗಳು. ದಶಲಕ್ಷಣ ಪರ್ವ ಬಂತು. ಪ್ರತಿ ವರ್ಷ ಹತ್ತೂ ದಿನ ಏಕಭುಕ್ತ ಮಾಡುವವಳು ಆ ವರ್ಷವೂ ಹಿಡಿದಳು. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ನಾನಂತೂ ಬಂದವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ ಉಷ್ಣ ಎಂದು ಅದನ್ನೂ ನಾವೇ ಬಿಡಿಸಿದ್ದೆವು. ಏಳನೆಯ ದಿನ ಬಸದಿಯಲ್ಲಿ ಅಭಿಷೇಕ ನೋಡುತ್ತ ನಿಂತಿದ್ದವಳು ಹಾಗೇ ಕುಸಿದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.4. ಬಸುರಿಯಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ವೈದ್ಯೆ ನನ್ನನ್ನೇ ಕೇಳಿದರು, “ತಾಯಿ ವ್ರತ ಹಿಡಿದಳು ಸರಿ, ಹೊಟ್ಟೆಯಲ್ಲಿರುವ ಮಗು ಯಾವ ವ್ರತ ಹಿಡಿದಿತ್ತು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಕಿತ್ಸೆಯಾಗಿ ತಾಯಿ ಮಗು ಇಬ್ಬರೂ ಕ್ಷೇಮವಾಗಿ ಉಳಿದರು. ಇಂಥ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವೈದ್ಯರನ್ನು ಕೇಳಿ ತಿಳಿದದ್ದನ್ನು ನಮ್ಮ ಮನೆಗಳ ಪದ್ಧತಿಗೆ ಹೊಂದಿಸಿ ಹೇಳುತ್ತೇನೆ.

ವೈದ್ಯ ನಮಗೆ ಹೊರಗಿನದಲ್ಲ

ಔಷಧ ಸೇವಿಸುವುದು ಧರ್ಮಕ್ಕೆ ವಿರುದ್ಧವೇನೋ ಎಂದು ಅಳುಕುವ ಹಿರಿಯರಿದ್ದಾರೆ. ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧು ಇಲ್ಲದ ಚಿಕಿತ್ಸೆಯನ್ನು ‘ಕಲ್ಯಾಣಕಾರಕ’ದಲ್ಲಿ ಬರೆದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥ ಸುಮಾರು 1150ರಲ್ಲಿ ಕನ್ನಡಕ್ಕೆ ತಂದ. ಸುಮಾರು 1200ರಲ್ಲಿ ದೇವೇಂದ್ರಮುನಿಗಳು ‘ಬಾಲಗ್ರಹ ಚಿಕಿತ್ಸೆ’ ಬರೆದರು. ಸಂಸಾರ ಬಿಟ್ಟ ಮುನಿಯೊಬ್ಬರು ಕೂಸುಗಳ ಕಾಯಿಲೆಯ ಬಗ್ಗೆ ಗ್ರಂಥ ಬರೆದರೆಂದರೆ ಅದರ ಮಹತ್ವ ತಿಳಿಯಿರಿ. ನಮ್ಮ ಕಾಲದಲ್ಲಿ ಉಜಿರೆಯಲ್ಲಿ 1989ರಿಂದ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು ನಡೆಯುತ್ತಿದೆ. ಪ್ರಕೃತಿ ಚಿಕಿತ್ಸೆಯನ್ನೂ ಅಲ್ಲಿ ವರ್ಷಗಟ್ಟಲೆ ಓದಿ ಪದವಿ ಪಡೆಯಬೇಕು. ಯಾರೋ ಹೇಳಿದ ಬೇರು ಅರೆದು ಕುಡಿಸುವುದು ಪ್ರಕೃತಿ ಚಿಕಿತ್ಸೆಯಲ್ಲ.

ವ್ರತದ ವಿಷಯ

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೊಂದಿದೆ. ಶಕ್ತಿಗೆ ತಕ್ಕಂತೆ ತಪಸ್ಸು ಎಂದು ಅದರ ಅರ್ಥ. ಬಸುರಿಯ ಶಕ್ತಿ ಎರಡು ಜೀವಕ್ಕೆ ಹಂಚಿಹೋಗಿರುತ್ತದೆ. ಆದ್ದರಿಂದ ಬಸುರಿ, ಬಾಣಂತಿಯರು ಉಪವಾಸ, ಏಕಭುಕ್ತಗಳನ್ನು ಬಿಟ್ಟು ಸ್ವಾಧ್ಯಾಯ, ಜಪ, ದಾನಗಳಿಂದ ಪರ್ವ ಆಚರಿಸಲಿ. ಮನಸ್ಸು ಒಪ್ಪದಿದ್ದರೆ ಮುನಿಗಳ ಅಥವಾ ಭಟ್ಟಾರಕರ ಹತ್ತಿರ ಹೋಗಿ ಕೇಳಲಿ. ಈ ಮಾತನ್ನು ಸೊಸೆ ತಾನಾಗಿ ಹೇಳಲಾರಳು. ಅತ್ತೆ, ಮಾವ ಮೊದಲು ಹೇಳಬೇಕು.

ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವವರಿಗೆ ಬೆಳಗಿನ ತಿಂಡಿಯವರೆಗೆ ಹದಿಮೂರು, ಹದಿನಾಲ್ಕು ಗಂಟೆ ಹೊಟ್ಟೆ ಖಾಲಿ. ಬಸುರಿಯ ಸಂಜೆಯ ಊಟ ತುಂಬಾ ಇರಲಿ, ಸೂರ್ಯೋದಯವಾದ ಕೂಡಲೆ ಏನಾದರೂ ತಿನ್ನಲಿ. ಸಕ್ಕರೆ ಕಾಯಿಲೆ ಅಥವಾ ವಿಪರೀತ ವಾಂತಿ ಇದ್ದರೆ ರಾತ್ರಿ ನೀರು, ಹಾಲು, ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ, ಅವರು ಹೇಳಿದಂತೆ ಮಾಡಿ.

ನಮ್ಮ ಅಡುಗೆಮನೆಯಲ್ಲೇ ಇರುವುದು

ಕಂದಮೂಲ, ಬೆಳ್ಳುಳ್ಳಿ ಇಲ್ಲದೆ ಬಾಣಂತನ ಹೇಗೆ ಎಂದು ಬೇರೆಯವರು ಕೇಳುತ್ತಾರೆ. ಏನೂ ತೊಂದರೆ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ನುಗ್ಗೆಸೊಪ್ಪು, ಹುರುಳಿ, ಕಡಲೆ, ಎಳ್ಳು ಒಳ್ಳೆಯವು. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಕಾಳು, ಎಳ್ಳು ಹೆಚ್ಚು ಬಳಸಬಹುದು. ಊಟದ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೆ ಕಾಫಿ, ಟೀ ಕುಡಿದರೆ ಹತ್ತುವುದಿಲ್ಲ.

ಆದರೆ ಮೂರು ಕಡೆ ನಮ್ಮ ಊಟಕ್ಕೆ ಸಹಾಯ ಬೇಕು. ಮೊದಲನೆಯದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಈ ಮಾತ್ರೆಯನ್ನು ನಾಲ್ಕನೆಯ ತಿಂಗಳಿಂದ ಕನಿಷ್ಠ 180 ದಿನ, ಹೆರಿಗೆಯ ನಂತರ ಇನ್ನೂ 180 ದಿನ ತೆಗೆದುಕೊಳ್ಳಬೇಕು. ಸುಣ್ಣದಂಶದ ಮಾತ್ರೆಯನ್ನು ಇದರ ಜೊತೆ ನುಂಗದೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಎರಡನೆಯದು ಬಿ12. ಸಸ್ಯಾಹಾರದಲ್ಲಿ ಇದು ಮುಖ್ಯವಾಗಿ ಹಾಲು, ಮೊಸರುಗಳಿಂದಲೇ ಬರಬೇಕು. ಅವನ್ನೂ ತ್ಯಾಗ ಮಾಡಿದವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಮೂರನೆಯದು ಉಪ್ಪು. ಶುದ್ಧವೆಂದು ಸೈಂಧವ ಲವಣ ಒಂದನ್ನೇ ಬಳಸುವ ಮನೆಗಳಿವೆ. ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯಲು ಅಯೋಡಿನ್ ಬೇಕು. ಈ ಒಂಬತ್ತು ತಿಂಗಳಾದರೂ ಅಯೋಡಿನ್ ಉಪ್ಪು ಬಳಸಿ.

ಬಾಣಂತನದಲ್ಲಿ

ಅಂಟಿನುಂಡೆ, ಜೀರಿಗೆ ಸಾರು, ಎಣ್ಣೆ ನೀರು ಎಲ್ಲವೂ ಹಿತವಾದವೇ. ನೀರು ಕುಡಿದರೆ ಶೀತ, ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ನೀರು ಕೊಡದಿರುವುದು ಮಾತ್ರ ತಪ್ಪು. ಹಾಲುಣಿಸುವವಳಿಗೆ ಬಾಯಾರಿಕೆ ಹೆಚ್ಚು. ಸೋಸಿ ಕಾಯಿಸಿದ ನೀರು ನಮ್ಮ ಮನೆಯಲ್ಲಿ ಹೇಗೂ ಇರುತ್ತದೆ, ಬೇಕಾದಷ್ಟು ಕುಡಿಯಲಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ, ಹೊಗೆ ಹಾಕಬೇಡಿ. ಕೆಂಡದ ವಿಷಾನಿಲಕ್ಕೆ ವಾಸನೆ ಇಲ್ಲ, ಮಲಗಿದವರು ಏಳದೆ ಹೋಗಬಹುದು.

ಕೂಸಿಗೆ

ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕೊಡಬೇಕು. ಹಳದಿಯಾಗಿ ಅಂಟಂಟಾಗಿ ಬರುವ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು. ಕೂಸಿಗೆ ರೋಗ ತಡೆಯುವ ಶಕ್ತಿ ಕೊಡುವುದು ಅದೇ. ಆರು ತಿಂಗಳು ಎದೆಹಾಲು ಬಿಟ್ಟರೆ ನೀರೂ ಬೇಡ; ವೈದ್ಯರು ಬರೆದ ಔಷಧ ಮಾತ್ರ. ಇದಕ್ಕಿಂತ ದೊಡ್ಡ ಪ್ರಕೃತಿ ಚಿಕಿತ್ಸೆ ಇಲ್ಲ.

ಜೇನು ನೆಕ್ಕಿಸುವುದನ್ನು ನಮ್ಮ ಧರ್ಮ ಜೀವಹಿಂಸೆಯ ಕಾರಣಕ್ಕೆ ನಿಷೇಧಿಸಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೆಂದು ವೈದ್ಯರೂ ಹೇಳುತ್ತಾರೆ. ಅದರಲ್ಲಿರಬಹುದಾದ ಒಂದು ರೋಗಾಣು ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ದುರ್ಬಲಗೊಳಿಸಬಲ್ಲದು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದೂ ಬೇಡ. ಕೂಸಿಗೆಂದು ಬಜೆ ಕೇಳಿದರೆ ನಾನೀಗ ಕೊಡುವುದಿಲ್ಲ. ಎಣ್ಣೆ ಹಚ್ಚಿ ಹಗುರವಾಗಿ ನೀವಿ, ಆದರೆ ಮೂಗು, ಕಿವಿಗೆ ಎಣ್ಣೆ ಬಿಡಬೇಡಿ, ಕಣ್ಣಿಗೆ ಕಾಡಿಗೆ ಹಚ್ಚಬೇಡಿ. ಹೊಕ್ಕಳಿಗೆ ಏನೂ ಹಚ್ಚದೆ ಒಣಗಲು ಬಿಡಿ. ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟುಕೊಂಡರೆ ಬೆಚ್ಚಗಿರುತ್ತದೆ. ಲಸಿಕೆ ಯಾವುದನ್ನೂ ತಪ್ಪಿಸಬೇಡಿ.

ಮನೆಮದ್ದಿಗೆ ಕಾಯಬಾರದ ಹೊತ್ತು

ಬಸುರಿಗೆ ರಕ್ತ ಹೋದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ, ಕೈ ಊದಿಕೊಂಡರೆ, ಜ್ವರ ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ತಡಮಾಡಬೇಡಿ. ಕೂಸು ಹಾಲು ಕುಡಿಯದಿದ್ದರೆ, ಜೋರಾಗಿ ಉಸಿರಾಡಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲಿಗೂ ಹಳದಿ ಇಳಿದರೆ ಕೂಡಲೆ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನಮ್ಮ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಮರೆಯದೆ ಕೊಂಡೊಯ್ಯಿರಿ.

ಹೊಂಬುಜದ ಪದ್ಮಾವತಿ ಅಮ್ಮನವರಿಗೆ ಹರಕೆ ಹೊರಿ, ಪಂಚನಮಸ್ಕಾರ ಮಂತ್ರ ಹೇಳಿ, ಮಾತ್ರೆಯನ್ನೂ ನುಂಗಿಸಿ. ಒಂದಕ್ಕೊಂದು ಅಡ್ಡಿಯಿಲ್ಲ. ಕಣ್ಣಿಗೆ ಕಾಣದ ಜೀವಿಗಳಿಗೆ ನೋವಾಗಬಾರದೆಂದು ನೀರು ಸೋಸಿ ಕುಡಿಯುವ ಜನ ನಾವು. ಮನೆಯೊಳಗಿನ ಎರಡು ಜೀವಗಳ ವಿಷಯದಲ್ಲಿ ಅದೇ ಎಚ್ಚರ ನಮಗಿರಲಿ.

ಎಲ್ಲ ತಾಯಂದಿರಿಗೂ ಕೂಸುಗಳಿಗೂ ಶುಭವಾಗಲಿ. ಜೈ ಜಿನೇಂದ್ರ.